ಗುಂಡಿನ ಎರಕಕ್ಕೆ ಸೀಸ

ಬಂದೂಕು, ಪಿಸ್ತೂಲುಗಳ ಗುಂಡನ್ನು ಮನೆಯಲ್ಲಿ ಎರಕ ಹೊಯ್ದುಕೊಳ್ಳುವವರು ಬಳಸುವ ಸೀಸ ಬಹುಮಟ್ಟಿಗೆ ಹಳೆಯ ಲೋಹ. ಅದು ಗಣಿಯಿಂದ ನೇರವಾಗಿ ಬಂದದ್ದಲ್ಲ. ಬೇರೊಂದು ಕೆಲಸಕ್ಕೆ ಬಳಕೆಯಾಗಿ, ಅಲ್ಲಿಂದ ಕಳಚಿ ಗುಜರಿಗೆ ಬಿದ್ದದ್ದು. ಛಾವಣಿಯ ತಗಡು, ನೀರಿನ ಕೊಳವೆ, ಮುದ್ರಣಾಲಯದ ಮೊಳೆ, ಕಾರಿನ ಚಕ್ರಕ್ಕೆ ಸಿಕ್ಕಿಸುವ ತೂಕ ಹೀಗೆ ಒಂದೊಂದು ಕಾಲದ ಗುಂಡು ಆ ಕಾಲ ಬಿಸಾಡಿದ ಸಾಮಾನಿನಿಂದಲೇ ಆಗಿದೆ. ಈ ರೂಢಿ ಅತ್ಯಂತ ವ್ಯಾಪಕವಾಗಿ ಉಳಿದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. ಸೀಸವನ್ನು ಎಲ್ಲಿಂದ ತರಬೇಕು, ತಂದದ್ದರಲ್ಲಿ ಏನೇನು ಬೆರೆತಿದೆ, ಅದು ಕೈಗೂ ಮನೆಗೂ ಎಷ್ಟು ಅಪಾಯ ಎಂಬ ಮೂರು ಪ್ರಶ್ನೆಗಳು ಆ ಹವ್ಯಾಸದ ಜೊತೆಗೇ ಬೆಳೆದು ಬಂದಿವೆ.

ಲೋಹದ ಗುಣ

ಸೀಸದ ಪರಮಾಣು ಸಂಖ್ಯೆ 82. ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುವ ಇದು ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಭಾರ. ಚಿಕ್ಕ ಗಾತ್ರದಲ್ಲಿ ಹೆಚ್ಚು ತೂಕ ಅಡಗಿರುವುದರಿಂದ ಸೀಸದ ಗುಂಡು ಗಾಳಿಯ ತಡೆಯನ್ನು ಮೀರಿ ದೂರ ಸಾಗುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈ ಶಾಖಕ್ಕೆ ಕಮ್ಮಾರನ ಕುಲುಮೆ ಬೇಡ, ಸೌದೆಯ ಒಲೆಯೇ ಸಾಕು. ಬೇರೆ ಲೋಹಗಳನ್ನು ಬಿಟ್ಟು ಜನ ಸೀಸವನ್ನೇ ಹಿಡಿದುಕೊಂಡದ್ದಕ್ಕೆ ಇದೇ ಮುಖ್ಯ ಕಾರಣ. ಮೃದುವಾದ್ದರಿಂದ ಉಕ್ಕಿನ ನಳಿಗೆಯನ್ನು ಅದು ಸವೆಸುವುದಿಲ್ಲ. ಶುದ್ಧ ಸೀಸವನ್ನು ಉಗುರಿನಿಂದ ಗೀಚಬಹುದು.

ಬಂದೂಕಿನ ಬಾಯಿಯ ಅಳತೆಯೂ ಸೀಸದ ಲೆಕ್ಕದಲ್ಲೇ ಹುಟ್ಟಿತು. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದೊಂದು ಉಂಡೆಯ ಅಡ್ಡಳತೆ ಸುಮಾರು 0.73 ಇಂಚು. ಆ ಉಂಡೆ ಸರಿಯಾಗಿ ಕೂರುವ ನಳಿಗೆಯೇ ಹನ್ನೆರಡು ಬೋರಿನದು. ಹದಿನಾರು ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುತ್ತದೆ, ಬೋರಿನ ಸಂಖ್ಯೆ ಹೆಚ್ಚುತ್ತದೆ. ಮಲೆನಾಡು, ಕೊಡಗುಗಳ ತೋಟದ ಮನೆಗಳಲ್ಲಿ ಇಂದಿಗೂ ಕೇಳಿಬರುವ ಹನ್ನೆರಡು ಬೋರಿನ ಕೋವಿ ಎಂಬ ಮಾತಿನಲ್ಲಿ ಈ ಹಳೆಯ ತೂಕದ ಲೆಕ್ಕ ಹಾಗೆಯೇ ಉಳಿದಿದೆ.

ಪ್ರಕೃತಿಯಲ್ಲಿ ಸೀಸ ಹೆಚ್ಚಾಗಿ ಗೆಲೀನ ಎಂಬ ಅದಿರಿನಲ್ಲಿ, ಗಂಧಕದೊಡನೆ ಸೇರಿಕೊಂಡು ಸಿಗುತ್ತದೆ. ಶುದ್ಧ ಗೆಲೀನದ ತೂಕದಲ್ಲಿ ಶೇ. 86ಕ್ಕೂ ಹೆಚ್ಚು ಪಾಲು ಸೀಸ. ಹೊಳೆಯುವ ಈ ಭಾರದ ಕಲ್ಲನ್ನು ಕಟ್ಟಿಗೆಯ ಬೆಂಕಿಯಲ್ಲಿ ಹುರಿದೇ ಲೋಹ ಇಳಿಸಬಹುದಾದ್ದರಿಂದ, ದೊಡ್ಡ ಕಾರ್ಖಾನೆಗಳು ಬರುವುದಕ್ಕೆ ಬಹಳ ಮೊದಲೇ ಅಮೆರಿಕದ ಗಡಿನಾಡಿನ ವಲಸಿಗರು ಸೀಸವನ್ನು ತಾವೇ ತೆಗೆದುಕೊಳ್ಳುತ್ತಿದ್ದರು.

ಅಮೆರಿಕದ ಹಳೆಯ ರೂಢಿ

ಹದಿನೆಂಟನೆಯ ಶತಮಾನದಲ್ಲಿ ಬಂದೂಕುಗಳನ್ನು ಒಬ್ಬೊಬ್ಬ ಕುಶಲಕರ್ಮಿ ಕೈಯಲ್ಲೇ ಮಾಡುತ್ತಿದ್ದ. ಒಂದರ ನಳಿಗೆಯಂತೆ ಇನ್ನೊಂದರದು ಇರುತ್ತಿರಲಿಲ್ಲ. ಹಾಗಾಗಿ ಬಂದೂಕು ಮಾರುವಾಗ ಅದಕ್ಕೆ ಹೊಂದುವ ಗುಂಡಿನ ಅಚ್ಚನ್ನೂ ಜೊತೆಗೆ ಕೊಡುವುದು ವಾಡಿಕೆಯಾಯಿತು. ಇಕ್ಕಳದಂತೆ ತೆರೆದು ಮುಚ್ಚುವ ಈ ಚಿಕ್ಕ ಅಚ್ಚು, ಉದ್ದ ಹಿಡಿಯ ಕಬ್ಬಿಣದ ಸೌಟು, ಸೀಸದ ಒಂದು ಗಟ್ಟಿ ಇದ್ದರೆ ಬೇಟೆಗಾರನ ಸಲಕರಣೆ ಮುಗಿಯಿತು. ಹೊಡೆದ ಮೃಗದ ದೇಹದಿಂದ ಗುಂಡನ್ನು ಹೊರತೆಗೆದು ಮತ್ತೆ ಕರಗಿಸುವುದೂ ಇತ್ತು.

ಸೀಸವನ್ನು ಒಯ್ಯುವ ಬಗೆಯಲ್ಲಿ ಅತ್ಯಂತ ಜಾಣ ಉಪಾಯ ಕಾಣುವುದು 1804ರಿಂದ 1806ರವರೆಗೆ ನಡೆದ ಲೂಯಿಸ್ ಮತ್ತು ಕ್ಲಾರ್ಕ್ ಅವರ ಪಶ್ಚಿಮದ ಯಾನದಲ್ಲಿ. ಮೆರಿವೆದರ್ ಲೂಯಿಸ್ ಕೋವಿಮದ್ದನ್ನು ಮರದ ಪೀಪಾಯಿಯಲ್ಲಿ ತುಂಬದೆ, ಸೀಸದಲ್ಲೇ ಮಾಡಿಸಿದ 52 ಡಬ್ಬಿಗಳಲ್ಲಿ ತುಂಬಿಸಿದ. ಪ್ರತಿ ಡಬ್ಬಿಯಲ್ಲಿ ನಾಲ್ಕು ಪೌಂಡ್ ಮದ್ದು, ಡಬ್ಬಿಯ ಸೀಸ ಎಂಟು ಪೌಂಡ್. ಒಳಗಿನ ಮದ್ದು ತೀರುವ ಹೊತ್ತಿಗೆ ಖಾಲಿ ಡಬ್ಬಿಯನ್ನು ಕರಗಿಸಿದರೆ ಆ ಮದ್ದಿಗೆ ಬೇಕಾದಷ್ಟು ಗುಂಡು ಸಿಗುವಂತೆ ಲೆಕ್ಕ ಹಾಕಲಾಗಿತ್ತು. ದೋಣಿ ಮಗುಚಿ ನೀರಿಗೆ ಬಿದ್ದರೂ ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೆ ಮದ್ದು ನೆನೆಯುತ್ತಿರಲಿಲ್ಲ. ಪಾತ್ರೆಯೂ ಸರಕೂ ಒಂದೇ ಆಗಿ, ಎರಡೂ ಒಟ್ಟಿಗೆ ಖರ್ಚಾಗುವ ಇಂಥ ಏರ್ಪಾಟು ಯಾನಗಳ ಚರಿತ್ರೆಯಲ್ಲಿ ವಿರಳ.

ಸ್ವಾತಂತ್ರ್ಯ ಸಂಗ್ರಾಮದ ಕಾಲಕ್ಕೆ ಸೇರಿದ ಪ್ರಸಂಗ ಇದಕ್ಕಿಂತ ಪ್ರಸಿದ್ಧ. ನ್ಯೂಯಾರ್ಕಿನ ಬೌಲಿಂಗ್ ಗ್ರೀನ್ ಎಂಬಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್ ಕುದುರೆಯ ಮೇಲೆ ಕುಳಿತ ಪ್ರತಿಮೆಯೊಂದಿತ್ತು. ಜೋಸೆಫ್ ವಿಲ್ಟನ್ ಮಾಡಿದ್ದ ಅದನ್ನು 1770ರಲ್ಲಿ ನಿಲ್ಲಿಸಲಾಗಿತ್ತು. ಮೇಲೆ ಚಿನ್ನದ ಲೇಪ, ಒಳಗೆ ಸೀಸ. 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಿದ ಬೆನ್ನಿಗೇ ಜನ ಹಗ್ಗ ಕಟ್ಟಿ ಪ್ರತಿಮೆಯನ್ನು ಉರುಳಿಸಿದರು. ಸೀಸದ ತುಂಡುಗಳು ಕನೆಕ್ಟಿಕಟ್ಟಿನ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವೋಲ್ಕಾಟ್ ಅವರ ಮನೆಗೆ ಹೋದವು. ಅಲ್ಲಿ ಮನೆಯ ಹೆಂಗಸರು, ಮಕ್ಕಳು, ನೆರೆಹೊರೆಯವರು ಕೂತು ಅದನ್ನು ಕರಗಿಸಿ ಗುಂಡು ಹೊಯ್ದು ಕಾಗದದ ತೋಟಾ ಕಟ್ಟಿದರು. ಒಬ್ಬೊಬ್ಬರು ಮಾಡಿದ್ದೆಷ್ಟೆಂದು ವೋಲ್ಕಾಟ್ ಬರೆದಿಟ್ಟ ಲೆಕ್ಕ ಉಳಿದುಬಂದಿದೆ. ಒಟ್ಟು 42,088, ಅದರಲ್ಲಿ ಮಗಳು ಲಾರಾಳ ಪಾಲು 8,378. ದಾರಿಯಲ್ಲೇ ಕೈತಪ್ಪಿಹೋದ ಕೆಲವು ತುಂಡುಗಳು ಮುಂದೆ ಸಿಕ್ಕಿದವು. ಕುದುರೆಯ ಬಾಲ ಈಗ ನ್ಯೂಯಾರ್ಕಿನ ಐತಿಹಾಸಿಕ ಸಂಗ್ರಹಾಲಯದಲ್ಲಿದೆ. ಮನೆಯ ಎರಕದ ಬಗ್ಗೆ ಇಷ್ಟು ಖಚಿತವಾದ ಹಳೆಯ ದಾಖಲೆ ಅಪರೂಪ.

1861ರಿಂದ 65ರ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳಿಗೆ ಸೀಸದ ಬರ ತಟ್ಟಿತು. ಅವುಗಳ ಮುಖ್ಯ ಆಸರೆ ವರ್ಜೀನಿಯದ ಆಸ್ಟಿನ್‌ವಿಲ್ ಗಣಿಗಳು. ಅವು ಸಾಲದೆ ಹೋದಾಗ ಮನೆಗಳ ಕಿಟಕಿಗಳೊಳಗಿನ ಸೀಸದ ತೂಕಗಳನ್ನೂ ನೀರಿನ ಕೊಳವೆಗಳನ್ನೂ ಕಿತ್ತು ತಂದರು. ಯುದ್ಧ ಮುಗಿದ ಮೈದಾನಗಳಲ್ಲಿ ಬಿದ್ದ ಗುಂಡುಗಳನ್ನು ಆಯ್ದರು. ಫ್ರಾನ್ಸಿನ ಮಿನಿಯೇ 1849ರಲ್ಲಿ ರೂಪಿಸಿದ ಗುಂಡು ಆಗ ಎರಡೂ ಸೇನೆಗಳಲ್ಲಿ ಬಳಕೆಯಲ್ಲಿತ್ತು. ಸಿಡಿತದ ಒತ್ತಡಕ್ಕೆ ಅದರ ಟೊಳ್ಳು ಬುಡ ಅರಳಿ ನಳಿಗೆಯೊಳಗಿನ ತಿರುಚು ಗೀರುಗಳನ್ನು ಕಚ್ಚಿಕೊಳ್ಳಬೇಕು. ಇದಕ್ಕೆ ಮೃದುವಾದ ಶುದ್ಧ ಸೀಸವೇ ಆಗಬೇಕು, ಬೆರಕೆ ಲೋಹ ಒಗ್ಗದು.

ದೇಶದ ದೊಡ್ಡ ಗಣಿಗಳು ಮಿಸ್ಸೂರಿಯಲ್ಲಿ. ಮೈನ್ ಲ ಮೋಟ್ ಎಂಬಲ್ಲಿ 1720ರ ಸುಮಾರಿಗೆ ಫ್ರೆಂಚರು ಅಗೆಯತೊಡಗಿದರು. ಆ ಪ್ರಾಂತದ ಹರ್ಕ್ಯುಲೇನಿಯಂ ಊರಿನಲ್ಲಿ 1809ರಲ್ಲಿ ಚರೆ ಗೋಪುರ ನಿಂತಿತು. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಬೀಳಿಸಿದರೆ ಹನಿಗಳು ಗಾಳಿಯಲ್ಲೇ ದುಂಡಗಾಗಿ, ಕೆಳಗಿನ ನೀರಿನಲ್ಲಿ ಗಟ್ಟಿಯಾಗುತ್ತವೆ. ಬ್ರಿಸ್ಟಲಿನ ವಿಲಿಯಂ ವಾಟ್ಸ್ 1782ರಲ್ಲಿ ಹಕ್ಕುಪತ್ರ ಪಡೆದ ವಿಧಾನವಿದು. ಬಾಲ್ಟಿಮೋರಿನಲ್ಲಿ 1828ರಲ್ಲಿ ಕಟ್ಟಿದ ಗೋಪುರದ ಎತ್ತರ 234 ಅಡಿ. ಇದರಿಂದ ಸಣ್ಣ ಚರೆ ಮನೆಯ ಕೆಲಸದಿಂದ ದೂರವಾಯಿತು, ಒಂಟಿ ಗುಂಡಿನ ಎರಕ ಮಾತ್ರ ಮನೆಯಲ್ಲಿ ಉಳಿಯಿತು.

ಮಿಶ್ರಲೋಹದ ಅಗತ್ಯ

1886ರಲ್ಲಿ ಫ್ರೆಂಚ್ ಸೇನೆ ಹೊಗೆಯಿಲ್ಲದ ಮದ್ದಿನ ಬಂದೂಕನ್ನು ಬಳಕೆಗೆ ತಂದದ್ದು ಸೀಸದ ಬದುಕನ್ನು ತಿರುಗಿಸಿತು. ಹೊಸ ಮದ್ದು ಕೊಟ್ಟ ವೇಗಕ್ಕೂ ಶಾಖಕ್ಕೂ ಬರಿಯ ಸೀಸ ತಾಳಲಾರದೆ ನಳಿಗೆಯ ಒಳಮೈಗೆ ಮೆತ್ತಿಕೊಳ್ಳತೊಡಗಿತು. ಸೇನೆಗಳು ತಾಮ್ರದ ಅಂಗಿ ತೊಡಿಸಿದ ಗುಂಡಿಗೆ ಹೊರಳಿದವು. ಬರಿ ಸೀಸದ ಗುಂಡು ಗುರಿ ಅಭ್ಯಾಸ ಮಾಡುವವರ, ಹಳೆಯ ಬಂದೂಕು ಪ್ರಿಯರ ಕೈಗೆ ಉಳಿಯಿತು. ಅವರು ಕಂಡುಕೊಂಡ ದಾರಿ ಸೀಸವನ್ನು ಗಟ್ಟಿ ಮಾಡುವುದು. ಕನೆಕ್ಟಿಕಟ್ಟಿನಲ್ಲಿ ಜಾನ್ ಬಾರ್ಲೋ 1884ರಲ್ಲಿ ಆರಂಭಿಸಿದ ಐಡಿಯಲ್ ಕಂಪನಿಯ ಅಚ್ಚುಗಳೂ ಕೈಪಿಡಿಗಳೂ ಈ ವಿದ್ಯೆಯನ್ನು ಹರಡಿದವು. 1925ರಲ್ಲಿ ಅದನ್ನು ಲೈಮನ್ ಸಂಸ್ಥೆ ಕೊಂಡಿತು. ಐಡಾಹೊ ರಾಜ್ಯದ ಎಲ್ಮರ್ ಕೀತ್ ಗಟ್ಟಿ ಮಿಶ್ರಲೋಹದ ಎರಕದ ಗುಂಡಿನಿಂದ ನಡೆಸಿದ ಪ್ರಯೋಗಗಳು 1955ರಲ್ಲಿ 0.44 ಮ್ಯಾಗ್ನಂ ಎಂಬ ಹೊಸ ಪಿಸ್ತೂಲು ತೋಟೆ ಹುಟ್ಟಲು ದಾರಿ ಮಾಡಿದವು.

ಗಟ್ಟಿತನವನ್ನು ಬ್ರಿನೆಲ್ ಮಾನದಲ್ಲಿ ಅಳೆಯುವುದು ರೂಢಿ. ಶುದ್ಧ ಸೀಸದ ಮಾನ ಸುಮಾರು 5. ತವರ ಸೇರಿಸಿದರೆ ಗಟ್ಟಿತನ ಅಲ್ಪಸ್ವಲ್ಪ ಏರುತ್ತದೆ, ಆದರೆ ತವರದ ನಿಜವಾದ ಉಪಕಾರ ಬೇರೆ. ಅದು ಕರಗಿದ ಲೋಹದ ಮೇಲ್ಮೈ ಬಿಗಿತವನ್ನು ಇಳಿಸುವುದರಿಂದ ಎರಕ ಅಚ್ಚಿನ ಮೂಲೆಮೂಲೆಗೂ ಹರಿದು ಅಂಚುಗಳು ಚೂಪಾಗಿ ಮೂಡುತ್ತವೆ. ಗಟ್ಟಿತನ ಕೊಡುವುದು ಮುಖ್ಯವಾಗಿ ಆಂಟಿಮನಿ. ಅದು 630 ಡಿಗ್ರಿಯಲ್ಲಿ ಕರಗುವ ಲೋಹವಾದರೂ, ನೂರಕ್ಕೆ ಹನ್ನೊಂದರಷ್ಟು ಸೀಸದಲ್ಲಿ ಬೆರೆತಾಗ ಇಡೀ ಮಿಶ್ರಣ ಸುಮಾರು 252 ಡಿಗ್ರಿಯಲ್ಲೇ ಕರಗುತ್ತದೆ, ಅಂದರೆ ಶುದ್ಧ ಸೀಸಕ್ಕಿಂತ ಬೇಗ. ಲೈಮನ್ ಸಂಸ್ಥೆಯ ಎರಡನೆಯ ನಂಬರಿನ ಮಿಶ್ರಲೋಹ ಮಾದರಿಯೆಂದು ಹೆಸರಾಗಿದೆ. ಅದರಲ್ಲಿ 90 ಪಾಲು ಸೀಸ, ತವರ ಮತ್ತು ಆಂಟಿಮನಿ ತಲಾ 5 ಪಾಲು, ಗಟ್ಟಿತನ 15. ಲೇಶಮಾತ್ರ ಆರ್ಸೆನಿಕ್ ಇದ್ದರೆ, ಅಚ್ಚಿನಿಂದ ಬಿಸಿಯಾಗಿ ಉದುರಿದ ಗುಂಡು ತಣ್ಣೀರಿಗೆ ಬಿದ್ದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ಎಲ್ಲ ಗುಂಡಿಗೂ ಗಟ್ಟಿ ಲೋಹವೇ ಆಗಬೇಕೆಂದಿಲ್ಲ. ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಇಂದಿಗೂ ಶುದ್ಧ ಸೀಸವೇ ಬೇಕು. ಕಡಿಮೆ ವೇಗದ ಪಿಸ್ತೂಲಿಗೆ ಮಧ್ಯಮ ಗಟ್ಟಿತನದ ಲೋಹ ಸಾಕು. ನಳಿಗೆಯ ಅಳತೆಗೆ ಸರಿಹೊಂದದ ಗುಂಡು ಎಷ್ಟು ಗಟ್ಟಿಯಿದ್ದರೂ ಮೆತ್ತಿಕೊಳ್ಳುತ್ತದೆ. ಗಟ್ಟಿತನದ ಹಿಂದೆ ಓಡುವ ಹೊಸಬರು ಈ ಮಾತನ್ನು ತಡವಾಗಿ ಅರಿಯುತ್ತಾರೆ.

ಗುಜರಿಯ ಮೂಲಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಕ್ಕ ಅತ್ಯುತ್ತಮ ಲೋಹ ಮುದ್ರಣಾಲಯದ್ದು. ಓಟ್‌ಮಾರ್ ಮೆರ್ಗೆಂತಾಲರ್ ಅವರ ಲೈನೋಟೈಪ್ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸಕ್ಕಿಳಿಯಿತು. ಅದು ಒಂದೊಂದೇ ಮೊಳೆ ಜೋಡಿಸುವ ಬದಲು ಇಡೀ ಸಾಲನ್ನೇ ಎರಕ ಹೊಯ್ಯುತ್ತಿತ್ತು. ಅದಕ್ಕೆ ಬೇಕಾದ ಲೋಹ ಬೇಗ ಕರಗಬೇಕು, ಅಕ್ಷರದ ಚೂಪು ಹಿಡಿಯಬೇಕು, ಸಾವಿರಾರು ಪ್ರತಿಗಳ ಒತ್ತಡ ತಾಳಬೇಕು. ಗುಂಡು ಹೊಯ್ಯುವವನೂ ಬಯಸುವುದು ಇವೇ ಗುಣಗಳನ್ನು. ಲೈನೋಟೈಪ್ ಲೋಹದಲ್ಲಿ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಗಟ್ಟಿತನ 22ರ ಆಸುಪಾಸು. ಬಿಡಿ ಅಕ್ಷರ ಹೊಯ್ಯುವ ಮಾನೋಟೈಪಿನ ಲೋಹದಲ್ಲಿ ಆಂಟಿಮನಿ 19 ಪಾಲು, ತವರ 9 ಪಾಲು. ಇದು ಗುಂಡಿಗೆ ತೀರ ಗಟ್ಟಿ ಮತ್ತು ಪೆಡಸು, ಆದ್ದರಿಂದ ಮೆತ್ತನೆಯ ಸೀಸಕ್ಕೆ ಹದವಾಗಿ ಬೆರೆಸುವ ಮಸಾಲೆಯಾಗಿ ಮಾತ್ರ ಬಳಕೆ. ಪತ್ರಿಕೆಗಳು ಆಫ್‌ಸೆಟ್ ಮುದ್ರಣಕ್ಕೆ ಹೊರಳಿದಾಗ ಈ ಲೋಹ ಟನ್ನುಗಟ್ಟಲೆ ಗುಜರಿಗೆ ಬಂತು. ನ್ಯೂಯಾರ್ಕ್ ಟೈಮ್ಸ್ ತನ್ನ ಕೊನೆಯ ಬಿಸಿಲೋಹದ ಸಂಚಿಕೆಯನ್ನು ಜೋಡಿಸಿದ್ದು 1978ರ ಜುಲೈ ಆರಂಭದಲ್ಲಿ. ಆಗ ಕೊಂಡಿಟ್ಟ ಗಟ್ಟಿಗಳು ಕೆಲವು ಹವ್ಯಾಸಿಗಳ ಕೊಟ್ಟಿಗೆಯಲ್ಲಿ ದಶಕಗಳ ಕಾಲ ಉಳಿದವು. ಹೊಸದಾಗಿ ಬರುವುದು ಮಾತ್ರ ನಿಂತುಹೋಯಿತು.

ಇದರ ಜಾಗಕ್ಕೆ ಬಂದದ್ದು ಟೈರ್ ಅಂಗಡಿಯ ಬಕೆಟ್ಟು. ಚಕ್ರ ಅದುರದೆ ತಿರುಗಲೆಂದು ರಿಮ್ಮಿನ ಅಂಚಿಗೆ ಸಿಕ್ಕಿಸುವ ಸೀಸದ ತುಂಡುಗಳನ್ನು ಟೈರ್ ಬದಲಿಸುವಾಗ ಕಿತ್ತು ಬಕೆಟ್ಟಿಗೆ ಎಸೆಯುತ್ತಾರೆ. ಅದರ ಜೊತೆಗೆ ವಾಲ್ವಿನ ರಬ್ಬರು, ಸಿಗರೇಟಿನ ತುದಿ, ಮಣ್ಣು, ಮಳೆನೀರು ಎಲ್ಲ ಸೇರಿರುತ್ತವೆ. ಕ್ಲಿಪ್ಪಿನ ತೂಕಗಳಲ್ಲಿ ಆಂಟಿಮನಿ ಶೇ. 2ರಿಂದ 4ರಷ್ಟು, ತವರ ಶೇ. ಅರ್ಧದಷ್ಟು, ಜೊತೆಗೆ ಅತ್ಯಲ್ಪ ಆರ್ಸೆನಿಕ್. ಗಟ್ಟಿತನ 9ರಿಂದ 12. ಸ್ವಲ್ಪ ತವರ ಸೇರಿಸಿದರೆ ಬಹುತೇಕ ಪಿಸ್ತೂಲಿನ ಗುಂಡಿಗೆ ಇದು ಸಿದ್ಧ ಲೋಹ. ಅಂಟಿಸುವ ಪಟ್ಟಿಯ ತೂಕಗಳು ಹೆಚ್ಚುಕಡಿಮೆ ಶುದ್ಧ ಸೀಸ, ಇವೆರಡನ್ನೂ ಬೇರೆ ಬೇರೆ ಕರಗಿಸುವುದೇ ಜಾಣತನ. ಮೂವತ್ತು ವರ್ಷ ಸುಲಭವಾಗಿ ಸಿಕ್ಕ ಈ ಮೂಲವೂ ಈಗ ಕ್ಷೀಣಿಸಿದೆ. ಐರೋಪ್ಯ ಒಕ್ಕೂಟ 2005ರಲ್ಲಿ ಸೀಸದ ಚಕ್ರತೂಕವನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯ 2010ರಿಂದ, ವಾಷಿಂಗ್ಟನ್ ರಾಜ್ಯ 2011ರಿಂದ ಅದನ್ನು ನಿಷೇಧಿಸಿದವು. ಬೇರೆ ಕೆಲವು ರಾಜ್ಯಗಳೂ ಹಿಂಬಾಲಿಸಿದವು. ಇಂದಿನ ಬಕೆಟ್ಟಿನಲ್ಲಿ ಉಕ್ಕು ಮತ್ತು ಸತುವಿನ ತುಂಡುಗಳೇ ಹೆಚ್ಚು.

ಗುಂಡು ಹಾರಿಸಿದ ಜಾಗವೇ ಮೂರನೆಯ ಮೂಲ. ಗುರಿ ಮೈದಾನದ ಹಿಂಬದಿಯ ಮಣ್ಣುದಿಬ್ಬದಲ್ಲಿ ವರ್ಷಗಟ್ಟಲೆ ಸೀಸ ಸೇರಿರುತ್ತದೆ. ಅದನ್ನು ಜರಡಿ ಹಿಡಿದು ತೆಗೆದರೆ ಮೈದಾನಕ್ಕೂ ಒಳಿತು. ಹೊರಾಂಗಣ ಮೈದಾನಗಳ ಸೀಸವನ್ನು ಆಗಾಗ ತೆಗೆದು ಮರುಬಳಕೆಗೆ ಕಳಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2001ರ ಕೈಪಿಡಿ ಹೇಳುತ್ತದೆ. ತಾಮ್ರದ ಅಂಗಿಯ ಗುಂಡುಗಳು ಕರಗುವಾಗ ಒಳಗಿನ ಸೀಸ ಹರಿದು, ಹಗುರವಾದ ತಾಮ್ರದ ಸಿಪ್ಪೆ ಮೇಲೆ ತೇಲುತ್ತದೆ. ಈ ಸೀಸ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಹಾಗೆ ಅಗೆಯಲು ಮೈದಾನದವರ ಒಪ್ಪಿಗೆ ಬೇಕು. ಸೇನಾ ಮೈದಾನಗಳಲ್ಲಿ ಸಿಡಿಯದೆ ಉಳಿದ ಮದ್ದುಗುಂಡು ಇರಬಹುದಾದ್ದರಿಂದ ಅಲ್ಲಿ ಕೈಹಾಕುವ ಮಾತೇ ಇಲ್ಲ.

ಉಳಿದವು ಚದುರಿದ ಮೂಲಗಳು. ಛಾವಣಿಯ ಸಂದಿಗೆ ಹೊದಿಸುವ ತಗಡು, ಹಳೆಯ ಕೊಳವೆ, ದೂರವಾಣಿ ಕೇಬಲ್ಲಿನ ಹೊದಿಕೆ, ಎಕ್ಸ್‌ರೇ ಕೋಣೆಯ ಗೋಡೆಯೊಳಗಿನ ಹಾಳೆ ಇವೆಲ್ಲ ಬಹುತೇಕ ಶುದ್ಧ. ಆಸ್ಪತ್ರೆಗಳಿಗೆ ವಿಕಿರಣ ಔಷಧ ತರುವ ಸೀಸದ ಡಬ್ಬಿಗಳು ಸ್ವಲ್ಪ ಗಟ್ಟಿ. ಹಾಯಿದೋಣಿಯ ತಳದ ಸೀಸದ ಭಾರ ಒಂದೇ ಗಟ್ಟಿಯಲ್ಲಿ ಟನ್ನು ಮೀರುವುದುಂಟು, ಅದನ್ನು ಮರ ಕೊಯ್ಯುವ ಗರಗಸದಿಂದ ತುಂಡರಿಸುತ್ತಾರೆ. ತವರಕ್ಕೆ ಬೇರೆಯೇ ಹುಡುಕಾಟ. ಸೀಸಕ್ಕಿಂತ ಅದು ಬಹಳ ದುಬಾರಿಯಾದ್ದರಿಂದ ಬೆಸುಗೆಯ ಕಡ್ಡಿ, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುವ ಪ್ಯೂಟರ್ ಲೋಟ ತಟ್ಟೆಗಳನ್ನು ಕೊಳ್ಳುತ್ತಾರೆ. ಒಳ್ಳೆಯ ಪ್ಯೂಟರಿನಲ್ಲಿ ತವರ ಶೇ. 90ಕ್ಕೂ ಮೇಲೆ.

ಕಾರಿನ ಬ್ಯಾಟರಿ ಮಾತ್ರ ಈ ಪಟ್ಟಿಗೆ ಸೇರಬಾರದು. ಜಗತ್ತಿನ ಸೀಸದ ಬಹುಪಾಲು ಬ್ಯಾಟರಿಯಲ್ಲೇ ಇದ್ದರೂ ಅನುಭವಿಗಳು ಅದನ್ನು ಮುಟ್ಟುವುದಿಲ್ಲ. ಫಲಕಗಳಲ್ಲಿ ನೆನೆದ ಗಂಧಕಾಮ್ಲ ಒಂದು ತೊಡಕು. ಲೋಹಕ್ಕಿಂತ ಆಕ್ಸೈಡು, ಸಲ್ಫೇಟುಗಳ ಪುಡಿಯೇ ಹೆಚ್ಚಿರುವುದು ಇನ್ನೊಂದು. ಇವೆಲ್ಲಕ್ಕಿಂತ ಭೀಕರವಾದದ್ದು ಆರ್ಸೀನ್ ಅನಿಲ. ಫಲಕಗಳ ಆರ್ಸೆನಿಕ್ ಮತ್ತು ಆಂಟಿಮನಿ ಕ್ಯಾಲ್ಸಿಯಮ್ಮಿನೊಡನೆ ಸೇರಿ ಉಳಿದ ಕಿಟ್ಟಕ್ಕೆ ತೇವ ತಾಗಿದರೆ ಆರ್ಸೀನ್, ಸ್ಟಿಬೀನ್‌ಗಳು ಹುಟ್ಟುತ್ತವೆ. ಕೆಂಪು ರಕ್ತಕಣಗಳನ್ನು ಒಡೆಯುವ ಈ ಅನಿಲಗಳು ಅತ್ಯಲ್ಪ ಪ್ರಮಾಣದಲ್ಲೂ ಪ್ರಾಣಾಂತಕ. ಹಳೆಯ ಬ್ಯಾಟರಿಯನ್ನು ಅಂಗಡಿಗೆ ಹಿಂದಿರುಗಿಸಿ ಅದರ ಹಣ ಪಡೆದು ಬೇರೆ ಸೀಸ ಕೊಳ್ಳುವುದೇ ಸರಿ.

ಗುರುತು ಹಿಡಿಯುವುದು

ಗುಜರಿ ಸೀಸದ ದೊಡ್ಡ ಸಮಸ್ಯೆ ಅದರ ಮೈಮೇಲೆ ಏನೂ ಬರೆದಿರುವುದಿಲ್ಲ ಎಂಬುದು. ಶತ್ರುಗಳಲ್ಲಿ ಮೊದಲನೆಯದು ಸತು. ಸ್ವಲ್ಪವೇ ಸತು ಬೆರೆತರೂ ಇಡೀ ಪಾತ್ರೆಯ ಲೋಹ ರಾಗಿ ಅಂಬಲಿಯಂತೆ ಮಂದವಾಗಿ, ಅಚ್ಚಿಗೆ ಹರಿಯದೆ ಹೋಗುತ್ತದೆ. ಮನೆಯ ಮಟ್ಟದಲ್ಲಿ ಅದನ್ನು ಬೇರ್ಪಡಿಸುವುದು ಕಷ್ಟ. ಚಕ್ರತೂಕದ ಮೇಲೆ ಕೆಲವೊಮ್ಮೆ ಸತುವಿಗೆ ಜೆಡ್‌ಎನ್, ಕಬ್ಬಿಣಕ್ಕೆ ಎಫ್‌ಇ ಎಂಬ ಮುದ್ರೆ ಇರುತ್ತದೆ. ಮುದ್ರೆ ಇಲ್ಲದ್ದನ್ನು ಕಟಿಂಗ್ ಪ್ಲೈಯರಿನಲ್ಲಿ ಒತ್ತಿ ನೋಡುತ್ತಾರೆ. ಸೀಸವಾದರೆ ಬಾಯಿ ಸಲೀಸಾಗಿ ಇಳಿಯುತ್ತದೆ, ಸತುವಾದರೆ ಜಾರುತ್ತದೆ. ಕಾಂಕ್ರೀಟಿನ ಮೇಲೆ ಬೀಳಿಸಿದಾಗ ಸೀಸ ದಪ್ ಎಂದರೆ ಸತು ಟಿಣ್ ಎನ್ನುತ್ತದೆ. ಸತು ಕರಗುವುದು 419 ಡಿಗ್ರಿಯಲ್ಲಿ, ಸೀಸಕ್ಕಿಂತ ಹಗುರವೂ ಹೌದು. ಪಾತ್ರೆಯಲ್ಲಿ ಶಾಖಮಾಪಕ ಇಟ್ಟು ಉರಿಯನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಹಿಡಿದರೆ ಕಣ್ತಪ್ಪಿ ಬಿದ್ದ ಸತುವಿನ ತುಂಡು ಕರಗದೆ ತೇಲುತ್ತದೆ, ಉಕ್ಕಿನ ಕ್ಲಿಪ್ಪುಗಳ ಜೊತೆಗೆ ಅದನ್ನೂ ಜಾಲರಿ ಸೌಟಿನಿಂದ ಎತ್ತಿ ಹಾಕಬಹುದು.

ಗಟ್ಟಿತನ ತಿಳಿಯಲು ಚಿತ್ರಕಲಾವಿದರ ಪೆನ್ಸಿಲ್ಲು ಒಳ್ಳೆಯ ಸಾಧನ. ಮೊನೆಯನ್ನು ಚಪ್ಪಟೆಯಾಗಿ ಉಜ್ಜಿಕೊಂಡು ಸೀಸದ ಮೇಲೆ ಓರೆಯಾಗಿ ತಳ್ಳಬೇಕು. ಯಾವ ಪೆನ್ಸಿಲ್ಲು ಜಾರದೆ ಮೊದಲು ಕೆರೆಯುತ್ತದೆಯೋ ಅದೇ ಅಳತೆ. ಶುದ್ಧ ಸೀಸವನ್ನು ಬಿ ಸಾಲಿನ ಮೆತ್ತನೆಯ ಪೆನ್ಸಿಲ್ಲೂ ಕೆರೆಯುತ್ತದೆ, ಲೈನೋಟೈಪಿಗೆ ಎಚ್ ಸಾಲಿನದು ಬೇಕು. ನಿಖರವಾಗಿ ಬೇಕೆಂದವರು ಚಿಕ್ಕ ಉಕ್ಕಿನ ಗುಂಡು ಒತ್ತಿ ಗುಳಿಯನ್ನು ಅಳೆಯುವ ಉಪಕರಣ ಇಟ್ಟುಕೊಳ್ಳುತ್ತಾರೆ. ದೊಡ್ಡ ಗುಜರಿ ಅಂಗಡಿಗಳಲ್ಲಿರುವ ಎಕ್ಸ್‌ರೇ ಪ್ರತಿದೀಪ್ತಿಯ ಕೈಯುಪಕರಣ ಕೆಲವೇ ಕ್ಷಣಗಳಲ್ಲಿ ಲೋಹಗಳ ಪಾಲನ್ನು ತೋರಿಸಿಬಿಡುತ್ತದೆ.

ಗುಜರಿಯನ್ನು ಕರಗಿಸಿ ಶುದ್ಧಿಮಾಡುವ ಪಾತ್ರೆಯೇ ಬೇರೆ, ಗುಂಡು ಹೊಯ್ಯುವ ಪಾತ್ರೆಯೇ ಬೇರೆ ಇರಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಶುದ್ಧಿಯನ್ನು ಬಯಲಿನಲ್ಲೇ ಮಾಡುತ್ತಾರೆ. ಮೇಣ ಅಥವಾ ಮರದ ಹೊಟ್ಟು ಹಾಕಿ ಕಲಕಿದರೆ ಅದರ ಇಂಗಾಲ ಆಕ್ಸೈಡಾದ ತವರವನ್ನು ಮತ್ತೆ ಲೋಹವಾಗಿಸುತ್ತದೆ, ಕೊಳೆ ಮೇಲೆ ಬರುತ್ತದೆ. ಮೇಲೆ ತೇಲುವ ಬೂದು ಪದರವನ್ನೆಲ್ಲ ಕಿಟ್ಟವೆಂದು ಎತ್ತಿ ಎಸೆದರೆ ದುಬಾರಿ ತವರವೇ ಹೋಗುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬೆರೆಯುವುದು ಅತ್ಯಂತ ಅಪಾಯಕಾರಿ. ಅದು ಒಮ್ಮೆಗೇ ಉಗಿಯಾಗಿ ಸಿಡಿದು ಪಾತ್ರೆಯ ಲೋಹವನ್ನೆಲ್ಲ ಎರಚುತ್ತದೆ. ಮಳೆಯಲ್ಲಿ ನೆನೆದ ಬಕೆಟ್ಟಿನ ಸೀಸವನ್ನು ತಣ್ಣಗಿರುವಾಗಲೇ ಪಾತ್ರೆಗೆ ಹಾಕಿ ನಿಧಾನ ಉರಿಯಲ್ಲಿ ಒಣಗಿಸುತ್ತಾರೆ, ಕರಗಿದ ಮೇಲೆ ಹೊಸ ತುಂಡು ಸೇರಿಸುವುದಿಲ್ಲ. ಶುದ್ಧಿಯಾದ ಸೀಸವನ್ನು ಕಬ್ಬಿಣದ ಕೇಕ್ ಅಚ್ಚಿಗೆ ಹೊಯ್ದು ಗಟ್ಟಿ ಮಾಡಿ, ಮೂಲ ಯಾವುದೆಂದು ಅದರ ಮೈಮೇಲೆ ಬರೆದಿಡುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. 0.45 ಪಿಸ್ತೂಲಿನ 230 ಗ್ರೇನಿನ ಗುಂಡು ಒಂದು ಪೌಂಡಿನಿಂದ ಮೂವತ್ತು ಬರುತ್ತದೆ.

ಆರೋಗ್ಯ

ಸೀಸದ ವಿಷ ಉಸಿರಿಗಿಂತ ಹೆಚ್ಚಾಗಿ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ಎರಕದ 350ರಿಂದ 400 ಡಿಗ್ರಿಯಲ್ಲಿ ಆವಿ ಏಳುವುದು ತೀರ ಅಲ್ಪ. ಆದರೆ ಕಿಟ್ಟದ ಬೂದಿಯಂಥ ಪುಡಿ ಕೈ, ಬಟ್ಟೆ, ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಂಡರೆ ಅಪಾಯ ಮಗುವಿಗೆ. ವಯಸ್ಕರ ಕರುಳಿಗಿಂತ ಮಕ್ಕಳ ಕರುಳು ಹಲವು ಪಟ್ಟು ಹೆಚ್ಚು ಸೀಸವನ್ನು ಹೀರುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ. ಸೀಸಕ್ಕೆ ಸುರಕ್ಷಿತವಾದ ಮಟ್ಟವೆಂಬುದೇ ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳ ರಕ್ತಕ್ಕೆ ಗೊತ್ತುಮಾಡಿದ ಎಚ್ಚರಿಕೆಯ ಮಟ್ಟ 2012ರಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ. 2021ರಲ್ಲಿ ಅದನ್ನು 3.5ಕ್ಕೆ ಇಳಿಸಲಾಯಿತು. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮೂಳೆ ಸೇರಿದ್ದು ದಶಕಗಳ ಕಾಲ ಉಳಿದು, ಗರ್ಭಿಣಿಯರಲ್ಲಿ ಮತ್ತೆ ರಕ್ತಕ್ಕೆ ಇಳಿಯಬಲ್ಲದು.

ಆದ್ದರಿಂದ ಅಡುಗೆಮನೆಯಲ್ಲಿ ಎರಕ ಸಲ್ಲದು, ಅಡುಗೆಯ ಪಾತ್ರೆ ಸೌಟುಗಳೂ ಸಲ್ಲವು. ಕೆಲಸದ ಬಟ್ಟೆಯನ್ನು ಬೇರೆ ಒಗೆಯಬೇಕು, ಕೆಲಸ ಮಾಡುವಲ್ಲಿ ತಿನ್ನುವುದು, ಬೀಡಿ ಸೇದುವುದು ಕೂಡದು. ಕಿಟ್ಟವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಮರುಬಳಕೆಗೆ ಕೊಡಬೇಕೇ ವಿನಾ ತಿಪ್ಪೆಗೆ ಸುರಿಯಬಾರದು. ಸದಾ ಎರಕ ಹೊಯ್ಯುವವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಹವ್ಯಾಸಿಗಳ ರಕ್ತದ ಸೀಸಕ್ಕೆ ಎರಕಕ್ಕಿಂತಲೂ ಗಾಳಿಯಾಡದ ಒಳಾಂಗಣ ಗುರಿಶಾಲೆ ಹೆಚ್ಚು ಕಾರಣವಾಗುವುದುಂಟು. ಅಲ್ಲಿ ತೋಟೆಯ ಕೇಪಿನ ಸೀಸ ನವಿರು ಪುಡಿಯಾಗಿ ಉಸಿರಿಗೆ ಸೇರುತ್ತದೆ.

ಭಾರತದಲ್ಲಿ ಸೀಸದ ವಿಷದ ಅರಿವು ಮೂಡಿಸಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಅವರು 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ನಿನ ಜೊತೆ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದರು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೊಗ್ರಾಂ ಮೀರಿತ್ತು. ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಹಳೆಯ ಬ್ಯಾಟರಿಯನ್ನು ಹಿತ್ತಲಿನಲ್ಲಿ ಒಡೆದು ಕರಗಿಸುವ ಕಸುಬು ಇನ್ನೂ ಪೂರ್ತಿ ನಿಂತಿಲ್ಲ.

ಕಾನೂನು

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯ ಪ್ರಕಾರ ಮಾರಾಟಕ್ಕೆ ತೋಟೆ ಮಾಡುವವರಿಗೆ ಪರವಾನಗಿ ಬೇಕು. ಸ್ವಂತ ಬಳಕೆಗೆ ಗುಂಡು ಹೊಯ್ದುಕೊಳ್ಳಲು ಒಕ್ಕೂಟದ ಪರವಾನಗಿ ಬೇಕಿಲ್ಲ. ನಿರ್ಬಂಧಗಳು ಬಂದಿರುವುದು ಬಳಕೆಯ ಮೇಲೆ. ಬಾತುಕೋಳಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಲಾಯಿತು. ಬೇಟೆಯ ಶವ ತಿಂದು ಸೀಸದ ವಿಷಕ್ಕೆ ಸಾಯುತ್ತಿದ್ದ ಕ್ಯಾಲಿಫೋರ್ನಿಯ ಕಾಂಡರ್ ರಣಹದ್ದುಗಳನ್ನು ಉಳಿಸಲು ಆ ರಾಜ್ಯ 2013ರಲ್ಲಿ ಕಾಯಿದೆ ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವನ್ನು ನಿಷೇಧಿಸಿತು. ಗುರಿ ಅಭ್ಯಾಸಕ್ಕೆ ಈ ತಡೆ ಇಲ್ಲ.

ಭಾರತದಲ್ಲಿ ಪರಿಸ್ಥಿತಿ ಸಂಪೂರ್ಣ ಬೇರೆ. 1878ರ ಬ್ರಿಟಿಷ್ ಶಸ್ತ್ರ ಕಾಯಿದೆ ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಬೇಕೆಂದಾಗ ಯುದ್ಧಸಾಮಗ್ರಿಯೆಂದು ಸಾರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಈಗ ಜಾರಿಯಲ್ಲಿರುವ 1959ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮದ್ದುಗುಂಡಿನ ವ್ಯಾಖ್ಯೆಯಲ್ಲಿ ಅದರ ಭಾಗಗಳೂ ತಯಾರಿಸುವ ಯಂತ್ರಗಳೂ ಸೇರಿವೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ಹಕ್ಕಿಗೆ ಸಂಬಂಧಿಸಿದ್ದು, ತಯಾರಿಕೆಗಲ್ಲ.

ಈಚಿನ ಸ್ಥಿತಿ

ಅಮೆರಿಕದಲ್ಲಿ ಅದಿರಿನಿಂದ ಸೀಸ ತೆಗೆಯುತ್ತಿದ್ದ ಕೊನೆಯ ಕುಲುಮೆ ಹರ್ಕ್ಯುಲೇನಿಯಮ್ಮಿನಲ್ಲಿತ್ತು. ಅದು 2013ರ ಡಿಸೆಂಬರಿನಲ್ಲಿ ಮುಚ್ಚಿತು. ಮಿಸ್ಸೂರಿಯ ಗಣಿಗಳು ನಡೆಯುತ್ತಲೇ ಇವೆ, ಅದಿರು ಹೊರದೇಶಕ್ಕೆ ಹೋಗುತ್ತದೆ. ದೇಶದಲ್ಲಿ ತಯಾರಾಗುವ ಸೀಸವೆಲ್ಲ ಈಗ ಮರುಬಳಕೆಯದು, ಅದರಲ್ಲೂ ಬಹುಪಾಲು ಬ್ಯಾಟರಿಯದು. ಮೊಳೆ ಹೋಯಿತು, ಚಕ್ರತೂಕ ಹೋಗುತ್ತಿದೆ. ಹೊಸದಾಗಿ ಎರಕಕ್ಕಿಳಿದವರು ಲೋಹದ ಪಾಲು ನಮೂದಿಸಿದ ಗಟ್ಟಿಗಳನ್ನು ಎರಕಶಾಲೆಗಳಿಂದಲೇ ಹಣ ಕೊಟ್ಟು ತರಿಸುತ್ತಾರೆ. ಖರ್ಚು ಹೆಚ್ಚು, ಆದರೆ ಸತುವಿನ ಭಯ ಇಲ್ಲ.

ಗಟ್ಟಿ ಮಿಶ್ರಲೋಹದ ಕೊರತೆಯನ್ನು ನೀಗಿದ್ದು ಬಣ್ಣದ ಪುಡಿ. ಕಬ್ಬಿಣದ ಕುರ್ಚಿ, ಬೀರುಗಳಿಗೆ ಹಾಕುವ ಪೌಡರ್ ಕೋಟಿಂಗನ್ನು ಹೊಯ್ದ ಗುಂಡಿಗೂ ಹಚ್ಚಿ, ಅದಕ್ಕೆಂದೇ ಇಟ್ಟ ಚಿಕ್ಕ ಒಲೆಯಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಲೋಹಕ್ಕೂ ನಳಿಗೆಗೂ ನಡುವೆ ತೆಳುವಾದ ಗಟ್ಟಿ ಪದರ ನಿಲ್ಲುವುದರಿಂದ ಮೆತ್ತನೆಯ ಸೀಸವೂ ಮೆತ್ತಿಕೊಳ್ಳದೆ ಹೊರಡುತ್ತದೆ. ಹಿಂದೆ ಬಾಯಿತುಂಬುವ ಬಂದೂಕಿಗಷ್ಟೇ ಲಾಯಕ್ಕೆಂದು ಎತ್ತಿಡುತ್ತಿದ್ದ ಛಾವಣಿಯ ತಗಡು, ಎಕ್ಸ್‌ರೇ ಕೋಣೆಯ ಹಾಳೆ, ಮೈದಾನದ ದಿಬ್ಬದ ಸೀಸಗಳು ಈ ಲೇಪದಿಂದ ಪಿಸ್ತೂಲಿನ ಗುಂಡಿಗೂ ಸಲ್ಲುತ್ತಿವೆ.